ಡಬ್ಬಿ ಮೀನಿನ ಬಯಕೆ

ಮೀನಿನ ಮುಳ್ಳೆಂದರೆ ನನಗೆ ಪ್ರಾಣಭಯ. ಈಗ ಇದನ್ನು ಎದೆ ತಟ್ಟಿ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ತೊಣ್ಣೂರು ಕೆರೆಯ ಮಗ್ಗುಲಿನ ಊರಿಗೆ ಸೊಸೆಯಾಗಿ ಬಂದಾಗ ಮಾತ್ರ ಬಾಯಿ ಬಿಡುವ ಹಾಗಿರಲಿಲ್ಲ. ನನ್ನ ತವರು ನಾಗಮಂಗಲದ ಕಡೆಯ ಒಣಭೂಮಿ. ಅಲ್ಲಿ ರಾಗಿ ಇತ್ತು, ಹುರುಳಿ ಇತ್ತು, ಕುರಿ ಕೋಳಿ ಇದ್ದವು. ಮೀನು ಅನ್ನುವುದು ಕೆರೆ ಕೋಡಿ ಬಿದ್ದ ವರ್ಷಕ್ಕೆ ಮಾತ್ರ. ಅಂಥ ಒಂದು ವರ್ಷ, ನಾನಿನ್ನೂ ಲಂಗ ಉಡುತ್ತಿದ್ದ ಕಾಲದಲ್ಲಿ, ಗಂಟಲಿಗೆ ಮುಳ್ಳು ಸಿಕ್ಕಿಕೊಂಡಿತು. ಮುದ್ದೆಯ ದಪ್ಪ ದಪ್ಪ ತುತ್ತು ನುಂಗಿಸಿದರು, ಬೆನ್ನಿಗೆ ಗುದ್ದಿದರು, ಅದು ಇಳಿಯುವಷ್ಟರಲ್ಲಿ ನನ್ನ ಜೀವ ಹೋಗಿ ಬಂದಿತ್ತು. ಆಮೇಲೆ ಮನೆಗೆ ಮೀನು ಬಂದ ದಿನ ನಾನು ಅಡುಗೆಮನೆ ಕಡೆ ತಲೆ ಹಾಕುತ್ತಿರಲಿಲ್ಲ.

ಅಂಥವಳನ್ನು ತಂದು ಎಂಥ ಮನೆಗೆ ಕೊಟ್ಟರು ಅಂತೀರಿ! ಮೀನಿಲ್ಲದ ವಾರವೇ ಇಲ್ಲದ ಮನೆ. ಕಾಟ್ಲ, ಜಿಲೇಬಿ, ಕೊರಮೀನು, ಕೆರೆಯಲ್ಲಿ ಬಲೆಗೆ ಏನು ಬಿತ್ತೋ ಅದು. ನಮ್ಮತ್ತೆಯ ಕೈ ಮೀನುಸಾರೆಂದರೆ ಬೀದಿಗೆಲ್ಲ ಹೆಸರು. ಹಿತ್ತಲಲ್ಲಿ ಒಂದು ಒರಟು ಚಪ್ಪಡಿ ಇತ್ತು. ಮೀನಿಗೆ ಕಲ್ಲುಪ್ಪು, ಅರಿಶಿನ ಹಾಕಿ ಆ ಚಪ್ಪಡಿಯ ಮೇಲೆ ಬೆಳ್ಳಗಾಗುವ ತನಕ ತಿಕ್ಕಿ, ನೀರು ಬದಲಿಸಿ ಬದಲಿಸಿ ತೊಳೆದು, ಹುಣಸೆಹಣ್ಣು ಗಟ್ಟಿಯಾಗಿ ಹಿಂಡಿ ಮಡಕೆಯಲ್ಲಿ ಸಾರು ಮಾಡಿದರೆ ಆವತ್ತು ಯಾರಿಗೂ ಬಡಿಸುತ್ತಿರಲಿಲ್ಲ. ಸಾರು ಒಂದಿಡೀ ರಾತ್ರಿ ಕೂರಬೇಕು, ಮೀನು ಹುಳಿ ಹೀರಬೇಕು, ಮಾರನೇ ದಿನ ಬಿಸಿ ಮುದ್ದೆಗೆ ಆಗಬೇಕು.

"ಇವತ್ತಿನ ಮೀನ್ಸಾರ ಇವತ್ತೇ ಉಣ್ಣೋರ್ಗೆ ನಾಲ್ಗೆನೇ ಇಲ್ಲ ಕಣವ್ವ" ಎನ್ನುತ್ತಿದ್ದರು.

ಮನೆಯವರೆಲ್ಲ ಲೋಕದ ಮಾತಾಡುತ್ತಲೇ ತಿನ್ನುತ್ತಿದ್ದರು, ಮುಳ್ಳು ತಾನಾಗಿ ಅವರ ಬಾಯಂಚಿಗೆ ಬಂದು ನಿಲ್ಲುತ್ತಿತ್ತು. ನಾನು ಒಂದು ತುಂಡನ್ನು ಮುಂದಿಟ್ಟುಕೊಂಡು ಬೆರಳಲ್ಲಿ ಕೆದಕಿ ಕೆದಕಿ ಮುದ್ದೆ ಆರಿಸಿಕೊಂಡು ಕೂರುತ್ತಿದ್ದೆ. ಕೊನೆಗೆ ಬೆಕ್ಕಿಗೆ ಹಾಕುತ್ತಿದ್ದೆ. ಅತ್ತೆ ನೋಡದಿರುತ್ತಾರೆಯೇ? "ನನ್ ಕೈ ಸಾರು ನಾಗಮಂಗ್ಲದೋರ್ಗೆ ಸೇರಾಕಿಲ್ಲ ಬುಡು" ಎಂದು ಪಕ್ಕದ ಮನೆಯವರಿಗೆ ಕೇಳಿಸುವ ಹಾಗೆ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಭಯ ಅಂತ ಒಪ್ಪಿಕೊಳ್ಳಲು ಮಾನ ಬಿಡುತ್ತಿರಲಿಲ್ಲ.

ಮದುವೆಯಾದ ವರ್ಷವೇ ನನ್ನ ಮೈದುನ ರಜೆಗೆ ಬಂದ. ಸೈನ್ಯದಲ್ಲಿದ್ದ ಹುಡುಗ, ನಗುವುದು ನಗಿಸುವುದೇ ಅವನ ಕೆಲಸ. ಅವನ ಕಬ್ಬಿಣದ ಟ್ರಂಕಿನಿಂದ ಕಂಬಳಿ, ಸೋಪು, ಬಾಟಲಿ ಎಲ್ಲ ಆಚೆ ಬಂದ ಮೇಲೆ ತಳದಲ್ಲಿ ಚಪ್ಪಟೆ ಡಬ್ಬಿಗಳು ಕಾಣಿಸಿದವು. ಮೇಲೆ ಮೀನಿನ ಚಿತ್ರ.

"ಇದೇನ್ಲಾ?" ಅತ್ತೆ ಕೇಳಿದರು.

"ಮೀನು ಕಣವ್ವ. ಸಾರ್ಡೀನು. ಸಮುದ್ರದ್ದು."

"ಯಾವತ್ತು ಇಡ್ದಿದ್ದು?"

"ಓದ್ವರ್ಸವೋ, ಅದ್ರಿಂದಾಚೆ ವರ್ಸವೋ!"

ಅತ್ತೆ ಡಬ್ಬಿಯನ್ನು ಕೆಂಡ ಮುಟ್ಟಿದವರಂತೆ ಕೆಳಗಿಟ್ಟರು. "ಅಯ್ಯೋ ನನ್ ಕಂದ! ಸತ್ತು ವರ್ಸ ಆದ ಮೀನ್ನ ತಿನ್ಕೊಂಡು ದೇಸ ಕಾಯ್ತಿದ್ದೀಯಾ? ಇಲ್ಲಿ ಕೆರೆ ತುಂಬ ಮೀನು ಕುಣ್ದಾಡ್ತವಲ್ಲೋ!" ಎಂದು ಕಣ್ಣಲ್ಲಿ ನೀರನ್ನೇ ತಂದುಕೊಂಡರು.

ಮೈದುನ ಒಂದು ಡಬ್ಬಿಯ ಮುಚ್ಚಳ ಸುರುಳಿ ಸುತ್ತಿ ತೆಗೆದು, ಈರುಳ್ಳಿ ತರಲು ಒಳಗೆ ಹೋದ. ಅಷ್ಟರಲ್ಲಿ ಅತ್ತೆ ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ನಡೆದೇಬಿಟ್ಟರು. ವರ್ಷದಿಂದ ತೊಳೆಯದ ಮೀನನ್ನು ಮಗ ಹಾಗೇ ತಿನ್ನುವುದೆಂದರೇನು? ಕಲ್ಲುಪ್ಪು ಹಾಕಿದರು, ಅರಿಶಿನ ಹಾಕಿದರು, ಚಪ್ಪಡಿಯ ಮೇಲಿಟ್ಟು ಎರಡೂ ಕೈಯಲ್ಲಿ ತಿಕ್ಕಿದರು. ಬೆಂದ ಮೀನು ತಡೆಯುತ್ತದೆಯೇ? ಒಂದು ಉಜ್ಜಿಗೆ ಎಲ್ಲ ನುಣ್ಣಗೆ ಚಪ್ಪಡಿಗೆ ಮೆತ್ತಿಕೊಂಡಿತು. ಮೈದುನ ಈರುಳ್ಳಿ ಹಿಡಿದು ಓಡಿಬಂದಾಗ ಕೋಳಿಗಳು ಚಪ್ಪಡಿಯನ್ನು ಕುಕ್ಕುತ್ತಿದ್ದವು. ಅತ್ತೆ ಎಣ್ಣೆ ಮೆತ್ತಿದ ಕೈಗಳನ್ನು ಮೇಲೆತ್ತಿಕೊಂಡು, "ಕೈ ಇಕ್ಕಿದ್ರೆ ಕರಗೋಯ್ತದೆ, ಇದೂ ಒಂದ್ ಮೀನೇನ್ಲಾ!" ಎಂದು ರೇಗುತ್ತಿದ್ದರು. ನಮ್ಮನೆಯವರು ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ.

ಎರಡನೇ ಡಬ್ಬಿಯನ್ನು ಮೈದುನ ಕೈಯಿಂದ ಬಿಡಲಿಲ್ಲ. ಜಗಲಿಯ ಮೇಲೆ ಕೂತು, ಹಸಿ ಈರುಳ್ಳಿ, ಹಸಿಮೆಣಸಿನಕಾಯಿ ಹೆಚ್ಚಿ, ನಿಂಬೆಹಣ್ಣು ಹಿಂಡಿ ಕಲಸಿದ. ಅಷ್ಟರಲ್ಲಿ ಬೀದಿಯವರೆಲ್ಲ ಜಮಾಯಿಸಿದ್ದರು. ಒಬ್ಬರು ಮೂಸಿ ನೋಡಿ ಎದ್ದು ಹೋದರು. ಇನ್ನೊಬ್ಬರು ಚೂರು ಬಾಯಿಗೆ ಹಾಕಿಕೊಂಡು, "ಉಪ್ಪೈತೆ, ಎಣ್ಣೆ ಐತೆ, ಮೀನೆಲ್ಲೈತೆ?" ಎಂದು ಕೇಳಿದರು. ಒಬ್ಬ ಮುದುಕರು ತಿನ್ನಲೇ ಇಲ್ಲ. ಡಬ್ಬಿಯ ಎಣ್ಣೆಯಲ್ಲಿ ಬೆರಳು ಅದ್ದಿ ಮಂಡಿಗೆ ಉಜ್ಜಿಕೊಂಡು ಹಾಯಾಗಿ ಕೂತರು.

"ಅತ್ತಿಗೆ, ನೀವು ನೋಡಿ. ಮುಳ್ಳಿಲ್ಲ" ಎಂದ ಮೈದುನ. ಕಳ್ಳ, ನಾನು ಬೆಕ್ಕಿಗೆ ಹಾಕುವುದನ್ನು ಬಂದ ದಿನವೇ ನೋಡಿಬಿಟ್ಟಿದ್ದ.

"ಮುಳ್ಳಿಲ್ದೆ ಇರೋ ಮೀನು ಎಲ್ಲಾದ್ರೂ ಇರುತ್ತಾ?"

"ಮುಳ್ಳು ಅದೆ, ಆದ್ರೆ ಡಬ್ಬೀಲೇ ಬೆಂದು ಮೆತ್ತಗಾಗೋಗದೆ. ಅಗ್ದು ನುಂಗ್ಬುಡಿ, ಏನಾಗ್ತದೋ ನಾನ್ ನೋಡ್ಕೋತೀನಿ."

ಬಾಯಿಗೆ ಹಾಕಿಕೊಂಡೆ. ಅಯ್ಯಯ್ಯೋ, ಅದೇನು ರುಚಿ! ಮುಳ್ಳು ಹಲ್ಲಿಗೆ ಸಿಕ್ಕಿತು, ಹಿಟ್ಟಿನ ಹಾಗೆ ಉದುರಿತು. ಗಂಟಲು ಬಿಗಿಹಿಡಿದು ಕಾದೆ, ಏನೂ ಚುಚ್ಚಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮೀನು ತಿನ್ನುತ್ತಾ ಇದ್ದೇನೆ, ಮಾತಾಡುತ್ತಾ ತಿನ್ನುತ್ತಾ ಇದ್ದೇನೆ, ನಗುತ್ತಾ ತಿನ್ನುತ್ತಾ ಇದ್ದೇನೆ! ಬಿಸಿ ಮುದ್ದೆ ತಂದು ಇಡೀ ಡಬ್ಬಿ ಖಾಲಿ ಮಾಡಿ, ತಳದ ಎಣ್ಣೆಯನ್ನೂ ಮುದ್ದೆಯಲ್ಲಿ ಒರೆಸಿಕೊಂಡು ತಿಂದೆ. ಮೈದುನ ಚಪ್ಪಾಳೆ ತಟ್ಟಿ, ಉಳಿದ ಡಬ್ಬಿಗಳನ್ನೆಲ್ಲ ನನ್ನ ಮಡಿಲಿಗೇ ಸುರಿದ. ಅವನು ವಾಪಸು ಹೋದ ಮೇಲೆ ಒಂದೊಂದಾಗಿ ತೆಗೆದೆ. ಅಕ್ಕಿರೊಟ್ಟಿಗೆ ಹಚ್ಚಿಕೊಂಡು ತಿಂದೆ, ಅವಲಕ್ಕಿಗೆ ಒಗ್ಗರಣೆ ಹಾಕಿ ಬೆರೆಸಿ ತಿಂದೆ, ಹುರಿಗಡಲೆ ಚಟ್ನಿಪುಡಿ ಉದುರಿಸಿಕೊಂಡು ತಿಂದೆ. ಅತ್ತೆ ದೂರದಿಂದಲೇ ಮೂಗು ಮುಚ್ಚಿಕೊಂಡು ನೋಡುತ್ತಿದ್ದರು. ಆ ವಾಸನೆಗೇ ಅವರಿಗೆ ಹೊಟ್ಟೆ ತೊಳಸುತ್ತಿತ್ತು.

ಅದೇ ದಿನಗಳಲ್ಲಿ ನಾನು ಬಸುರಿಯಾಗಿದ್ದೆ. ಗೊತ್ತಾಗಿ ಸಂತೋಷಪಡುವಷ್ಟರಲ್ಲಿ ಹೋಯಿತು. ಅದರ ವಿಷಯ ಹೆಚ್ಚು ಬರೆಯುವುದಿಲ್ಲ. ಆದರೆ ಬೀದಿಯ ಹೆಂಗಸರು ಸುಮ್ಮನಿರಬೇಕಲ್ಲ. ಡಬ್ಬಿ ಮೀನು ತಿಂದಿದ್ದಕ್ಕೇ ಹೋಯಿತು ಎಂದು ಒಬ್ಬರು ಅಂದರು, ಹೌದೌದು ಎಂದು ಹತ್ತು ಜನ ಅಂದರು. ಅತ್ತೆ ಉಳಿದಿದ್ದ ಡಬ್ಬಿಗಳನ್ನು ಎತ್ತಿಕೊಂಡು ಹೋಗಿ ತಿಪ್ಪೆಯಲ್ಲಿ ಆಳವಾಗಿ ಹೂತು ಬಂದರು.

ಮಾರನೇ ವರ್ಷ ಮತ್ತೆ ಬಸಿರು ನಿಂತಿತು. ಈ ಸಲ ಮನೆಯವರು ನನ್ನನ್ನು ಅಂಗೈಯಲ್ಲಿಟ್ಟುಕೊಂಡರು, ಆದರೆ ನನ್ನ ಹೊಟ್ಟೆ ಯಾರ ಮಾತೂ ಕೇಳಲಿಲ್ಲ. ಮುದ್ದೆ ಉಂಡರೆ ವಾಂತಿ, ಅನ್ನ ಉಂಡರೆ ವಾಂತಿ, ಮಜ್ಜಿಗೆ ಕುಡಿದರೂ ವಾಂತಿ. ಮೀನುಸಾರಿನ ಒಗ್ಗರಣೆ ಬಿದ್ದರೆ ಬೀದಿಯ ಕೊನೆಗೆ ಓಡುತ್ತಿದ್ದೆ. ಅತ್ತೆ ಆ ಮಡಕೆಯನ್ನೇ ಅಟ್ಟಕ್ಕೆ ಹಾಕಿಬಿಟ್ಟರು. ಇಡೀ ಮನೆ ಉಪ್ಪುಸಾರಿಗೆ ಇಳಿಯಿತು. ಆದರೂ ನನ್ನ ಕೈಬಳೆ ಮೊಣಕೈ ತನಕ ಜಾರುವಷ್ಟು ಸೊರಗಿದೆ.

ಪಾಂಡವಪುರದ ಡಾಕ್ಟರಮ್ಮ ತೂಕ ನೋಡಿ ಮುಖ ಸಣ್ಣ ಮಾಡಿಕೊಂಡರು. "ಹೀಗೇ ಆದರೆ ಮಗುವಿಗೆ ಕಷ್ಟ. ಹೊಟ್ಟೆಯಲ್ಲಿ ಏನಾದರೂ ನಿಲ್ಲಲೇಬೇಕು. ಏನು ಸೇರುತ್ತೋ ಅದನ್ನು ಕೊಡಿ, ಅದು ಬೇಡ ಇದು ಬೇಡ ಅನ್ನಬೇಡಿ" ಎಂದು ಅತ್ತೆಗೆ ಹೇಳಿದರು. ನಾನು ಧೈರ್ಯ ಮಾಡಿ ಹೋದ ಸಲದ ಡಬ್ಬಿ ಮೀನಿನ ಮಾತೆತ್ತಿದೆ. "ಅದರಿಂದಲ್ಲಮ್ಮ. ಮೊದಲ ತಿಂಗಳುಗಳಲ್ಲಿ ಯಾರ ತಪ್ಪೂ ಇಲ್ಲದೆ ಹಾಗಾಗುತ್ತೆ" ಎಂದರು. ಆಚೆ ಬಂದ ಮೇಲೆ ಅತ್ತೆ ಸೆರಗು ಕೊಡವಿಕೊಂಡು, "ಡಾಕ್ಟ್ರಮ್ಮ ಓದವ್ಳೆ, ಸರಿ. ಒಂದ್ ಮಗೂನಾದ್ರೂ ಎತ್ತವ್ಳಾ?" ಎಂದು ಕೇಳಿದರು.

ಅತ್ತೆಗೆ ಆ ಮಾತು ಯಾಕೆ ಬಂತೋ ಗೊತ್ತಿಲ್ಲ, ನನಗೆ ಮಾತ್ರ ಆ ಕ್ಷಣದಿಂದ ಡಬ್ಬಿ ಮೀನು ತಲೆಯಿಂದ ಹೋಗಲೊಲ್ಲದು. ಬಸ್ಸಿನಲ್ಲಿ ಕೂತರೆ ಅದೇ, ಮಲಗಿದರೆ ಅದೇ. ಆ ಎಣ್ಣೆ, ಆ ಉಪ್ಪು, ಹಲ್ಲಿಗೆ ಸಿಕ್ಕಿ ಉದುರುವ ಆ ಮುಳ್ಳು! ನೆನೆದರೆ ಬಾಯಲ್ಲಿ ನೀರೂರುತ್ತಿತ್ತು, ವಾಕರಿಕೆ ಬರುತ್ತಿರಲಿಲ್ಲ. ಇದೊಂದು ನಿಲ್ಲುತ್ತದೆ ಎಂದು ನನ್ನ ಹೊಟ್ಟೆಯೇ ನನಗೆ ಹೇಳುತ್ತಿತ್ತು. ನಮ್ಮನೆಯವರ ಕಿವಿಯಲ್ಲಿ ಮೆಲ್ಲಗೆ ಹೇಳಿದೆ. ಅವರು ಬೆಚ್ಚಿಬಿದ್ದು, "ಅವ್ವಂಗೆ ಗೊತ್ತಾದ್ರೆ ನಮ್ಮಿಬ್ರನೂ ತಿಪ್ಪೇಲಿ ಊತಾಕ್ತಾಳೆ ಕಣೆ" ಅಂದರು. ಅಂದರೂ ಮಾರನೇ ಬೆಳಿಗ್ಗೆ ಮೊಪೆಡ್ಡು ಹೊರಟಿತು.

ಮೈದುನ ಗಡಿಯ ಹತ್ತಿರ ಎಲ್ಲೋ ಇದ್ದ, ರಜೆ ದೂರದ ಮಾತು. ಅಂಗಡಿಯಲ್ಲೇ ಹುಡುಕಬೇಕು. ಮೊದಲು ಪಾಂಡವಪುರ. ಕಿರಾಣಿ ಅಂಗಡಿಯವರು ಕೈ ಅಲ್ಲಾಡಿಸಿದರು. ಔಷಧಿ ಅಂಗಡಿಯವರು ಮಾತ್ರ ಭಾರೀ ಹುಮ್ಮಸ್ಸಿನಿಂದ ಮೀನೆಣ್ಣೆಯ ಗುಳಿಗೆ ಕೊಟ್ಟು ಕಳಿಸಿದರು. "ಮೀನಿಂದೇ ಅಂತೆ ಕಣೆ, ಒಳಗಡೆ ಎಣ್ಣೆನೂ ಅದೆ" ಎಂದು ಇವರು ತಂದುಕೊಟ್ಟರು. ಆಸೆ ನೋಡಿ, ನಾನು ಅದನ್ನು ನುಂಗದೆ ಕಚ್ಚಿದೆ. ಆಮೇಲೆ ಆದದ್ದನ್ನು ಹೇಳಬೇಕಾಗಿಲ್ಲ.

ಆಮೇಲೆ ಶ್ರೀರಂಗಪಟ್ಟಣ. ಅಲ್ಲಿ ಕೋಟೆ ನೋಡಲು ಬಿಳಿಯರು ಬರುತ್ತಾರೆ, ಅವರು ಡಬ್ಬಿಯಲ್ಲಿ ತಿನ್ನುವ ಜನ, ಸಿಕ್ಕೇ ಸಿಗುತ್ತದೆ ಎಂದು ಇವರ ಲೆಕ್ಕಾಚಾರ. ಹೆದ್ದಾರಿ ಮಗ್ಗುಲಿನ ಅಂಗಡಿಯ ಸಾಬರು ಇವರನ್ನು ಮೇಲಿಂದ ಕೆಳಗೆ ನೋಡಿ, "ಅರೆ ಭಾಯ್, ಕಾವೇರಿ ಪಕ್ದಾಗೆ ನಿಂತ್ಕೊಂಡು ಡಬ್ಬಿ ಮಚ್ಲಿ ಕೇಳ್ತೀರಲ್ಲ!" ಎಂದು ನಕ್ಕರಂತೆ. ಬಸುರಿ ಹೆಂಡತಿಯ ಬಯಕೆ ಎಂದು ಗೊತ್ತಾದದ್ದೇ ನಗು ನಿಲ್ಲಿಸಿ, ತಾವೇ ಅಂಗಡಿ ಬಿಟ್ಟಿಳಿದು ಪಕ್ಕದ ಅಂಗಡಿಗಳಲ್ಲೆಲ್ಲ ಕೇಳಿದರಂತೆ. ಸಂಜೆ ಇವರು ಡಬ್ಬಿ ಹಿಡಿದುಕೊಂಡು ಬಂದಾಗ ನಾನು ಬಾಗಿಲಿಗೇ ಓಡಿದೆ. ಅನಾನಸ್ ಹಣ್ಣಿನ ಡಬ್ಬಿ! "ಡಬ್ಬಿ ಸಿಕ್ತು, ಮೀನು ಸಿಗ್ಲಿಲ್ಲ" ಎಂದು ಹಲ್ಲು ಗಿಂಜಿದರು. ಅವರ ಧೂಳು ಹಿಡಿದ ಮುಖ ನೋಡಿ ಬೈಯಲೂ ಆಗಲಿಲ್ಲ.

ಅಷ್ಟರಲ್ಲಿ ಇವರು ಬಸ್ಸಿನ ಕಂಡಕ್ಟರ್ ಒಬ್ಬರ ಕೈಲಿ ನನ್ನ ತವರಿಗೂ ಹೇಳಿ ಕಳಿಸಿದ್ದರು. ಅದೇ ಎಡವಟ್ಟಾದದ್ದು. ಒಂದು ಬೆಳಿಗ್ಗೆ ನಮ್ಮಪ್ಪ ಬಸ್ಸಿಳಿದು, ಕಂಕುಳಲ್ಲಿ ಹಾಲಿನ ಪುಡಿಯ ಹಳೆಯ ಡಬ್ಬಿ ಅವುಚಿಕೊಂಡು ಬಂದರು. ಅಪ್ಪ ನಾಗಮಂಗಲದಲ್ಲೆಲ್ಲ ಸುತ್ತಿದರೂ ಎಲ್ಲೂ ಸಿಗದೆ, ನಮ್ಮವ್ವ ಒಣಮೀನು ಹುರಿದು ಎಣ್ಣೆ ಹಾಕಿ ಅದರೊಳಗೆ ತುಂಬಿ ಮುಚ್ಚಳ ಬಡಿದು ಕಳಿಸಿದ್ದಳು. "ಡಬ್ಬಿಗೆ ಆಕುದ್ಮೇಲೆ ಡಬ್ಬಿ ಮೀನೇ ಅಲ್ವೇನವ್ವ? ತಿನ್ನು ಮಗ, ಬಯ್ಕೆ ತೀರ್ಲಿ" ಎಂದು ಅಪ್ಪ ಜಗಲಿಯ ಮೇಲೆ ದೊಡ್ಡ ದನಿಯಲ್ಲೇ ಅಂದರು. ಒಳಗೆ ರಾಗಿ ಕೇರುತ್ತಿದ್ದ ಅತ್ತೆಯ ಮೊರ ಹಾಗೇ ನಿಂತಿತು.

ಅಪ್ಪ ಹೊರಡುವ ತನಕ ಅತ್ತೆ ನಗುನಗುತ್ತಾ ಮಾತಾಡಿಸಿದರು. ಬೀಗರ ಮುಂದೆ ಬಾಯಿ ಮಾಡುವ ಪೈಕಿ ಅಲ್ಲ. ಅಪ್ಪನ ಬಸ್ಸು ಮರೆಯಾದದ್ದೇ ತಡ, ತಿರುಗಿದರು.

"ಓದ್ಸತಿ ಅದ್ನ ತಿಂದೇ ಓಗಿದ್ದು. ಮತ್ತೆ ಅದ್ನೇ ಕೇಳ್ತಿಯಲ್ಲ, ನಿಂಗೇನ್ ಬುದ್ಧಿ ನೆಟ್ಟಗದಾ?"

"ಡಾಕ್ಟ್ರಮ್ಮ ಅದರಿಂದ ಅಲ್ಲ ಅಂದ್ರಲ್ಲ ಅತ್ತೆ!"

"ಡಾಕ್ಟ್ರಮ್ಮ ಏನ್ ನಮ್ ಮನೇಲಿ ಕುಂತಿದ್ಲಾ? ಕಣ್ಣಾರೆ ಕಂಡೋಳು ನಾನು!"

ನನಗೂ ತಾಳ್ಮೆ ತಪ್ಪಿತು. ಮೊದಲೇ ನಮ್ಮ ತವರಿನ ಕಡೆಯವರ ಮೂಗಿನ ತುದಿಯಲ್ಲೇ ಕೋಪ. "ಹಾಗಾದ್ರೆ ಏನು ತಿನ್ಲಿ ಹೇಳಿ? ನಿಮ್ಮ ಕೈಯಾರೆ ಏನು ಕೊಟ್ರೂ ನಿಲ್ತಿಲ್ಲ. ಬಸುರಿ ಬಯಕೆ ತೀರಿಸದಿದ್ರೆ ಮಗೂಗೆ ಕಿವಿ ಸೋರುತ್ತೆ ಅಂತ ನೀವೇ ಬೀದಿಗೆಲ್ಲ ಹೇಳ್ತೀರಿ. ನನ್ನ ಮಗೂಗೆ ಮಾತ್ರ ಆ ಮಾತಿಲ್ವಾ?" ಎಂದು ಕಿರುಚಿದೆ.

ಆ ಮಾತನ್ನು ಅತ್ತೆ ನಿಜಕ್ಕೂ ನಂಬುತ್ತಿದ್ದರು. ಊರಿನ ಯಾವ ಬಸುರಿ ಏನು ಕೇಳಿದರೂ, ಮಾವಿನಕಾಯಿಯೋ ಹುಣಸೆಚಿಗುರೋ, ಹೊತ್ತು ಗೊತ್ತು ನೋಡದೆ ಹುಡುಕಿ ತಂದು ಕೊಡುತ್ತಿದ್ದವರು ಅವರೇ. ಈಗ ಕೊಟ್ಟರೆ ಮಗು ಉಳಿಯುವುದಿಲ್ಲ ಎಂಬ ಭಯ ಒಂದು ಕಡೆ, ಕೊಡದಿದ್ದರೆ ಉಳಿಯುವುದಿಲ್ಲ ಎಂಬ ಭಯ ಇನ್ನೊಂದು ಕಡೆ. ಸೀದಾ ಒಳಗೆ ಹೋಗಿ, ಒಳ್ಳೆಯ ಸೀರೆ ಉಟ್ಟುಕೊಂಡು, ಕೈಗೊಂದು ಚೀಲ ಸಿಕ್ಕಿಸಿಕೊಂಡು ಬಂದರು. "ನಮ್ಮಣ್ಣನ ಮನೆಗೆ ಓಯ್ತೀನಿ" ಎಂದವರೇ ಬಸ್ಸಿನ ದಾರಿ ಹಿಡಿದರು.

ನಮ್ಮನೆಯವರು ಕಕ್ಕಾಬಿಕ್ಕಿ. ಅತ್ತೆಯ ತವರು ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ, ಮಾಕವಳ್ಳಿ ಆಸುಪಾಸಿನ ಹಳ್ಳಿ. ಅಲ್ಲಿಗೆ ಅವರು ಕಾಲಿಡದೆ ಎಷ್ಟೋ ವರ್ಷಗಳಾಗಿದ್ದವು. ಅಣ್ಣ ತನ್ನ ಮಗನ ಮದುವೆಗೆ ತಾನು ಬಂದು ಅರಿಶಿನ ಕುಂಕುಮ ಇಟ್ಟು ಕರೆಯದೆ, ಯಾರದೋ ಕೈಲಿ ಪತ್ರಿಕೆ ಕಳಿಸಿದ ಎಂಬುದೇ ಜಗಳ. ಹೆಣ್ಣುಮಗಳನ್ನು ಹಾಗೆ ಕರೆಯುವುದುಂಟೇ ಎಂದು, ಇನ್ನು ಆ ಹೊಸಿಲು ತುಳಿದರೆ ಕೇಳಿ ಎಂದು ಊರಿಗೆಲ್ಲ ಸಾರಿದ್ದರು. ಅಂಥವರು ಯಾರೂ ಕರೆಯದೆ ಹೊರಟರಲ್ಲ, ನನ್ನ ಮೇಲಿನ ಸಿಟ್ಟಿಗೇ ಮನೆ ಬಿಟ್ಟರು ಎಂದುಕೊಂಡೆ. ಸಿಟ್ಟು, ಹಸಿವು, ಅಳು ಎಲ್ಲ ಒಟ್ಟಿಗೆ ಬಂತು. ಅವ್ವ ಕಳಿಸಿದ ಒಣಮೀನಿನ ಮುಚ್ಚಳ ತೆಗೆದೆ. ವಾಸನೆಗೇ ಓಡಿಹೋಗಿ ಕಕ್ಕಿದೆ.

ಮಾರನೇ ದಿನ ಬಿಸಿಲು ಏರುವ ಹೊತ್ತಿಗೆ ಅತ್ತೆ ಬಂದರು. ಚೀಲದಿಂದ ಒಂದು ಚಪ್ಪಟೆ ಡಬ್ಬಿ ತೆಗೆದು ನಡುಮನೆಯಲ್ಲಿ ಇಟ್ಟರು. ಮೇಲೆ ಮೀನಿನ ಚಿತ್ರ! ನಾನು ಕೂಗಿದ ಕೂಗಿಗೆ ನಮ್ಮನೆಯವರು ಕೊಟ್ಟಿಗೆಯಿಂದ ಸಗಣಿ ಕೈಯಲ್ಲೇ ಓಡಿಬಂದರು. ಅತ್ತೆಯ ಅಣ್ಣನೂ ಸೈನ್ಯದಲ್ಲಿದ್ದು ನಿವೃತ್ತಿಯಾದವರೇ, ಹಳೆಯ ನಾಲಿಗೆ ಬಿಡದೆ ಸೈನ್ಯದ ಕ್ಯಾಂಟೀನಿನಿಂದ ಡಬ್ಬಿ ತರಿಸಿಟ್ಟುಕೊಂಡು ತಿನ್ನುವವರೇ. ಜಗಳವಾದ ಮೇಲೆ ನಮ್ಮ ಮನೆಯಲ್ಲಿ ಅವರ ಮಾತೇ ಎತ್ತುತ್ತಿರಲಿಲ್ಲವಾದ್ದರಿಂದ ಯಾರಿಗೂ ಹೊಳೆದಿರಲಿಲ್ಲ. ಅತ್ತೆಗೆ ಮಾತ್ರ ಅದು ಗೊತ್ತಿತ್ತು.

"ಕೊಡಿ ಅತ್ತೆ, ಕೊಡಿ!" ಕೈ ಚಾಚಿದೆ.

"ತಡಿ" ಎಂದರು. ಡಬ್ಬಿಯ ದಿನಾಂಕವನ್ನು ಮಗನ ಕೈಲಿ ಓದಿಸಿದರು. ಮುಚ್ಚಳ ತೆಗೆಸಿದರು. ಮೀನನ್ನೆಲ್ಲ ಸ್ಟೀಲು ಬಟ್ಟಲಿಗೆ ಬಗ್ಗಿಸಿಕೊಂಡು, ಒಂದಿಡೀ ಮೀನನ್ನು ಬೆರಳಲ್ಲಿ ಎತ್ತಿದರು.

"ಮೊದ್ಲು ನಾನ್ ತಿಂತೀನಿ. ನಂಗೇನಾದ್ರೂ ಆಯ್ತೋ, ಇದು ತಿಪ್ಪೆಗೆ. ಏನೂ ಆಗ್ಲಿಲ್ಲ ಅಂದ್ರೆ ನಿಂಗೆ. ಮಧ್ಯಾನದ್ಗಂಟ ಸುಮ್ಕಿರು."

"ಅವ್ವ, ನಿಂಗ್ ಅದ್ರ ವಾಸ್ನೆನೇ ಆಗಾಕಿಲ್ವಲ್ಲ!" ಎಂದರು ನಮ್ಮನೆಯವರು.

"ನೀನ್ ಸುಮ್ಕಿರ್ಲಾ" ಎಂದು ಕಣ್ಣು ಮುಚ್ಚಿ ಬಾಯಿಗೆ ಹಾಕಿಕೊಂಡರು. ಅಗಿದರು. ಕತ್ತಿನ ನರ ಉಬ್ಬಿತು, ಕಣ್ಣಲ್ಲಿ ನೀರು ಚಿಮ್ಮಿತು, ಭುಜವೆಲ್ಲ ಒಮ್ಮೆ ಜುಮ್ಮೆಂದಿತು. ನುಂಗಿದರು. ಇನ್ನೊಂದನ್ನು ಎತ್ತಿಕೊಂಡರು. ಬಟ್ಟಲಿಗೆ ತಟ್ಟೆ ಮುಚ್ಚಿ, ತಣ್ಣೀರಿನ ತಾಂಬಾಳದಲ್ಲಿಟ್ಟು, ಅದರ ಪಕ್ಕದಲ್ಲೇ ಕಾಲು ಚಾಚಿ ಕಂಬಕ್ಕೊರಗಿ ಕೂತುಬಿಟ್ಟರು.

ಆ ಬೆಳಿಗ್ಗೆ ಹೇಗೆ ಕಳೆಯಿತೋ! ಬಟ್ಟಲು ಕೈಯಳತೆಯಲ್ಲಿದೆ, ಬಾಯಲ್ಲಿ ನೀರು ಸುರಿಯುತ್ತಿದೆ, ಅತ್ತೆ ಬಂಡೆಯ ಹಾಗೆ ಕೂತಿದ್ದಾರೆ. ನಾನು ಬೈದೆ, ಗೋಗರೆದೆ, "ಆಯ್ತಲ್ಲ, ಇನ್ನೂ ಎಷ್ಟೊತ್ತು?" ಎಂದು ಪೀಡಿಸಿದೆ. ಅತ್ತೆ ಬಾಯಿ ಬಿಗಿಹಿಡಿದುಕೊಂಡು ತಲೆ ಮಾತ್ರ ಅಲ್ಲಾಡಿಸುತ್ತಿದ್ದರು. ಪಕ್ಕದ ಮನೆಯವರು ಕಾಫಿಗೆ ಕರೆದರೂ ಎದ್ದೇಳಲಿಲ್ಲ. ಎಲೆ ಅಡಿಕೆ ಬೇಡ, ನೀರೂ ಬೇಡ. ಬೇರೆ ಏನಾದರೂ ಹೊಟ್ಟೆಗೆ ಬಿದ್ದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ ಎಂದು ಬೆರಳಲ್ಲೇ ಸನ್ನೆ ಮಾಡಿ ತಿಳಿಸಿದರು. ಅವರ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಬಿಸಿಲಿಗೆ ಎಂದುಕೊಂಡೆ.

ನೆರಳು ಜಗಲಿಯ ಬುಡಕ್ಕೆ ಬಂದಾಗ ಅತ್ತೆ ತಟ್ಟೆ ಸರಿಸಿದರು. ಒಳಗೆ ಹೋಗಿ ಕೈಯಗಲದ ಪುಟ್ಟ ಮುದ್ದೆ ಕಟ್ಟಿ ತಂದರು. ಈರುಳ್ಳಿ ಹೆಚ್ಚಿದರು, ನಿಂಬೆಹಣ್ಣು ಹಿಂಡಿದರು. ಮೈದುನ ಅಂದು ಮಾಡಿದ್ದನ್ನು ದೂರದಿಂದಲೇ ನೋಡಿ ಕಲಿತಿದ್ದರು. "ನಂಗೇನೂ ಆಗ್ಲಿಲ್ಲ. ಉಣ್ಣು ಮಗ" ಎಂದಷ್ಟೇ ಹೇಳಿದರು.

ಉಂಡೆ! ಮೊದಲ ತುತ್ತಿಗೆ ಹೆದರಿದೆ, ಎರಡನೆಯದಕ್ಕೆ ಹೆದರಲಿಲ್ಲ. ಮೂರನೆಯದಕ್ಕೆ ಬಾಯಿ ತುಂಬಿಸಿಕೊಂಡೆ. ನಮ್ಮನೆಯವರು ಎದುರಿಗೆ ಕುಕ್ಕರಗಾಲಲ್ಲಿ ಕೂತು ನಾನು ನುಂಗಿದಾಗೆಲ್ಲ ತಾವೂ ನುಂಗುತ್ತಿದ್ದರು. ಅತ್ತೆ ನನ್ನ ಗಂಟಲನ್ನೇ ನೋಡುತ್ತಾ ನಿಂತಿದ್ದರು. ಬಟ್ಟಲು ಖಾಲಿಯಾಯಿತು. ಕಾದೆವು. ವಾಂತಿ ಬರಲಿಲ್ಲ. ಒಂದು ತೇಗು ಬಂತು, ಎಂಥ ತೇಗು ಅಂತೀರಿ, ಎಷ್ಟೋ ವಾರಗಳ ಮೇಲೆ ಉಂಡವಳ ತೇಗು! "ನಿಂತ್ಕೊಂತು ಕಣವ್ವೋ! ನಿಂತ್ಕೊಂತು!" ಎಂದು ನಮ್ಮನೆಯವರು ಎದ್ದು ಕುಣಿದರು. ನಾನು ನಗುತ್ತಾ ತಿರುಗಿ ನೋಡಿದರೆ ಅತ್ತೆ ಇಲ್ಲ.

ಕೊಟ್ಟಿಗೆಯ ಹಿಂದಿನಿಂದ ಸದ್ದು ಬಂತು. ಓಡಿದೆ. ಅತ್ತೆ ಗೋಡೆ ಹಿಡಿದು ಬಗ್ಗಿ ಕಕ್ಕುತ್ತಿದ್ದರು. ಬೆಳಗಿನಿಂದ ಹಲ್ಲು ಕಚ್ಚಿ ತಡೆದು ಕೂತಿದ್ದದ್ದೆಲ್ಲ ಆಚೆ ಬರುತ್ತಿತ್ತು. ಆಗ ನನಗೆ ಅರ್ಥವಾಯಿತು. ಅವರಿಗೆ ವಿಷವೇನೂ ಏರಿರಲಿಲ್ಲ, ಬರೀ ಅಸಹ್ಯ. ಆದರೆ ನನ್ನ ಮುಂದೆ ಕಕ್ಕಿದ್ದರೆ ನಾನು ಹೆದರಿ ಆ ಬಟ್ಟಲು ಮುಟ್ಟುತ್ತಿರಲಿಲ್ಲ. ಅದಕ್ಕೇ ಆ ಬಿಗಿದ ಬಾಯಿ, ಅದಕ್ಕೇ ಆ ಬೆವರು. ನನಗೆ ಅಳು ಒತ್ತರಿಸಿಕೊಂಡು ಬಂತು. ಅವರ ಹಣೆ ಹಿಡಿದುಕೊಂಡೆ, ಬೆನ್ನು ನೀವಿದೆ. ನನ್ನ ಹೆತ್ತವ್ವನ ಮೇಲೂ ನನಗೆ ಅವತ್ತಿನಷ್ಟು ಪ್ರೀತಿ ಉಕ್ಕಿದ್ದಿಲ್ಲ.

"ನಿಂದು ನಿಂತದಾ?" ಬಗ್ಗಿದ್ದಲ್ಲಿಂದಲೇ ಕೇಳಿದರು.

"ನಿಂತಿದೆ ಅತ್ತೆ. ನಿಂತಿದೆ."

"ಥೂ, ಅದೆಂಗ್ ತಿಂತೀಯೋ ಕಾಣೆ ಕಣವ್ವ" ಎಂದು ಸೆರಗಿನಲ್ಲಿ ಬಾಯಿ ಒರೆಸಿಕೊಂಡು ನೆಟ್ಟಗಾದರು. ಮುಖ ಬಿಳಿಚಿಕೊಂಡಿತ್ತು. ಮಗನ ಕಡೆ ತಿರುಗಿ ಕೇಳಿದರು:

"ನಮ್ಮಣ್ಣನ ಮನೇಲಿ ಇನ್ನೂ ಅವೆ. ಕೆ.ಆರ್.ಪೇಟೆ ಬಸ್ಸು ಎಷ್ಟೊತ್ಗೆ ಬರ್ತದ್ಲಾ?"